ಗಾಳೇಶನ ಹಿಮ್ಮಡಿ

ಆ ಭಾನುವಾರ ರೂಪಾಳನ್ನು ಬ್ಯಾಂಡಿನಿಂದ ತೆಗೆಯುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದ ಮೂವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದೆಲ್ಲ ಗಾಳೇಶನ ಕಥೆ, ಅದರ ಸಂದಿಯಲ್ಲಿ ನನ್ನ ಪಾಲು ಮುಚ್ಚಿಹೋಗುವುದು ಬೇಡ.

ನಮ್ಮ ಬ್ಯಾಂಡಿನ ಹೆಸರು ಹಲ್ಲರ್. ಭತ್ತದ ಸಿಪ್ಪೆ ಸುಲಿಯುವ ಯಂತ್ರದ ಹೆಸರೇ ಅದು. ನಾವು ನುಡಿಸುವುದು ಹೆವಿ ಮೆಟಲ್. ಕಾರಟಗಿಯಲ್ಲಿ ಹೆವಿ ಮೆಟಲ್ಲೇ ಎಂದು ಹುಬ್ಬೇರಿಸುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ವರ್ಷಗಳಾದವು. ದಿನಕ್ಕೆ ಹತ್ತು ತಾಸು ಅಕ್ಕಿ ಗಿರಣಿಯ ಸದ್ದಿನಲ್ಲಿ ನಿಂತವನಿಗೆ ಬೇರೆ ಯಾವ ಸಂಗೀತ ತಾನೇ ಕೇಳಿಸೀತು?

ಗಾಳೇಶ ನವಲಿಯವನು. ಇಪ್ಪತ್ತೆರಡನೇ ವಯಸ್ಸಿಗೆ ಕಾರಟಗಿಯ ಕಳಕಪ್ಪನವರ ಗಿರಣಿಗೆ ಆಪರೇಟರ್ ಆಗಿ ಸೇರಿದ. ಸೇರಿದ ಮರುವರ್ಷ ಅಕ್ಕಿ ತುಂಬಲು ಬಂದ ಲಾರಿಯ ಚಾಲಕನೊಬ್ಬ ಒಂದು ಕ್ಯಾಸೆಟ್ ಮರೆತುಹೋದ. ಗಿರಣಿಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಭಕ್ತಿಗೀತೆ ಹಾಕಿದರೂ ಸಿನಿಮಾ ಹಾಡು ಹಾಕಿದರೂ ಯಂತ್ರದ ಸದ್ದು ಎಲ್ಲವನ್ನೂ ನುಂಗಿಬಿಡುತ್ತಿತ್ತು. ಈ ಕ್ಯಾಸೆಟ್ಟಿನ ಹಾಡು ಮಾತ್ರ ಯಂತ್ರದ ಎದುರು ಎದೆಕೊಟ್ಟು ನಿಂತಿತು. ಅದು ಯಾವ ಭಾಷೆ, ಹಾಡುವವರು ಯಾರು, ಏಕಿಷ್ಟು ಸಿಟ್ಟು, ಒಂದೂ ಗಾಳೇಶನಿಗೆ ಗೊತ್ತಿರಲಿಲ್ಲ. ಕೇಳಿಸಿತು, ಅಷ್ಟು ಸಾಕಾಯಿತು. ಹೊಸಪೇಟೆಗೆ ಹೋಗಿ ನಾಲ್ಕು ದಪ್ಪ ತಂತಿಯ ಹಳೆಯ ಬೇಸ್ ಗಿಟಾರ್ ಒಂದನ್ನು ತಂದ. ಇನ್ನೂ ಮೂವರನ್ನು ಕೂಡಿಸಿಕೊಂಡ. ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು.

ಗಿರಣಿಯ ಹಳೆಯ ವಿಭಾಗದ ಗೋಡೆಯ ಮೇಲೆ ಇವತ್ತಿಗೂ ನಾಲ್ಕು ಸಾಲು ಹೆಸರುಗಳಿವೆ. ಅಕ್ಕಿ ಚೀಲದ ಮೇಲೆ ಗುರುತು ಹಾಕುವ ನೀಲಿ ಬಣ್ಣದಲ್ಲಿ, ತಗಡಿನ ಅಚ್ಚಿಟ್ಟು ಬರೆದವು. ಒಂದು ಸಾಲು ಹಾಡುವವರದು, ಒಂದು ಗಿಟಾರಿನವರದು, ಒಂದು ಡ್ರಮ್ಮಿನವರದು. ಇವು ಮೂರೂ ಮೇಲಿಂದ ಕೆಳಗೆ ಬೆಳೆಯುತ್ತ ಬಂದಿವೆ. ಹಲ್ಲರ್ ಬಿಟ್ಟು ಹೋಗುವವರಿಗೆ ಒಂದು ಕಟ್ಟಳೆಯಿದೆ. ಬಿಡುವವನು ತನ್ನ ಜಾಗಕ್ಕೆ ಬರುವವನನ್ನು ತಾನೇ ಹುಡುಕಬೇಕು, ತಾನೇ ಕಲಿಸಬೇಕು, ತನ್ನ ಹೆಸರಿನ ಕೆಳಗೆ ಅವನ ಹೆಸರನ್ನು ತನ್ನ ಕೈಯಾರೆ ಬರೆದು ಹೋಗಬೇಕು. ಮೊದಲು ಹಾಡುತ್ತಿದ್ದ ಪಂಪಾಪತಿ ಬಸ್ ಕಂಡಕ್ಟರ್ ಕೆಲಸ ಸಿಕ್ಕು ಯಲಬುರ್ಗಾಕ್ಕೆ ಹೋದ ಮೇಲೂ ಐದು ತಿಂಗಳು ಪ್ರತಿ ಭಾನುವಾರ ಬಂದು ಕಲಿಸಿಯೇ ಬಿಡುಗಡೆ ಪಡೆದ. ಹೀಗೆ ಹಾಡಿಗೆ ಮೂವರು, ಗಿಟಾರಿಗೆ ಐವರು, ಡ್ರಮ್ಮಿಗೆ ನಾಲ್ವರು ಆಗಿಹೋದೆವು. ನಾಲ್ಕನೆಯದು ಬೇಸಿನ ಸಾಲು, ಅದರಲ್ಲಿ ಆಗ ಒಂದೇ ಹೆಸರು: ಗಾಳೇಶ.

ಅಲ್ಲಿಯವರೆಗೆ ಯಾರನ್ನೂ ಹಲ್ಲರಿನಿಂದ ತೆಗೆದಿರಲಿಲ್ಲ. ಗೋಡೆಯ ಮೇಲಿನ ಯಾವ ಹೆಸರಿನ ಮೇಲೂ ಗೀಟು ಬಿದ್ದಿರಲಿಲ್ಲ. ಗಿಟಾರಿನ ಸಾಲಿನ ಕೊನೆಯ ಹೆಸರು, ರೂಪಾಳದು, ಮೊದಲನೆಯದಾಗುವುದಿತ್ತು.

ನಾನು ಡ್ರಮ್ಮಿನ ಸಾಲಿನ ನಾಲ್ಕನೆಯವನು, ಯಂಕೇಶ. ಊರು ಕುಷ್ಟಗಿ, ನವಲಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನಗೆ ಕಲಿಸಿದವನು ಅಜೀಮ. ಮೊಹರಂನಲ್ಲಿ ಹಲಗೆ ವಾದ್ಯ ಬಡಿದು ಕೈ ಪಳಗಿದವನು. ಎಂಟು ತಿಂಗಳು ನನ್ನನ್ನು ಅರೆದುಬಿಟ್ಟ. ಅವನು ಕಲಿಸಿದ ಮೊದಲ ಪಾಠ ಕೈಯದಲ್ಲ, ಕಣ್ಣಿನದು.

"ಗಾಳೇಶಣ್ಣನ ಹಿಮ್ಮಡಿ ನೋಡು," ಅಂದ. "ಕಿವಿ ನಂಬಬ್ಯಾಡ. ಗಿರಣ್ಯಾಗ ಕಿವಿ ಸುಳ್ಳ ಹೇಳ್ತಾವ."

ಅದಕ್ಕೆ ಕಾರಣವಿತ್ತು. ನಾವು ಅಭ್ಯಾಸ ಮಾಡುವುದು ಭಾನುವಾರ ಮಧ್ಯಾಹ್ನ, ಗಿರಣಿ ಓಡುತ್ತಿರುವಾಗಲೇ. ಬೇರೆ ಎಲ್ಲಿ ನುಡಿಸಿದರೂ ಓಣಿಯವರು ಕಲ್ಲು ತೂರುತ್ತಾರೆ. ಇಲ್ಲಿ ನಮ್ಮ ಸದ್ದನ್ನು ಗಿರಣಿ ಮುಚ್ಚಿಕೊಳ್ಳುತ್ತದೆ. ಬೇರೆ ಬ್ಯಾಂಡುಗಳಲ್ಲಿ ಡ್ರಮ್ಮಿನವನು ಕೋಲಿಗೆ ಕೋಲು ಬಡಿದು ಹಾಡು ಶುರುಮಾಡುತ್ತಾನೆ. ಆ ಟಿಕ್ ಟಿಕ್ ಇಲ್ಲಿ ಯಾರಿಗೆ ಕೇಳಬೇಕು? ಹಳೆಯ ಹಲ್ಲರನ್ನು ತಿರುಗಿಸುವ ಉದ್ದದ ಪಟ್ಟಾ ಒಂದಿದೆ. ಅದರ ಎರಡು ತುದಿ ಹೊಲಿದ ಜಾಗ ಚಕ್ರದ ಮೇಲೆ ಹಾಯುವಾಗಲೆಲ್ಲ ಒಂದು ಪೆಟ್ಟು ಬೀಳುತ್ತದೆ. ಆ ಪೆಟ್ಟು ನೆಲಕ್ಕಿಳಿದು ಗಾಳೇಶನ ಬಲಗಾಲಿನ ಹಿಮ್ಮಡಿಗೆ ಬರುತ್ತದೆ. ಹಿಮ್ಮಡಿ ನಾಲ್ಕು ಸಲ ನೆಲ ಬಡಿಯುತ್ತದೆ, ಐದನೆಯದಕ್ಕೆ ಎಲ್ಲರೂ ಶುರು. ನಮ್ಮ ಹಾಡುಗಳೆಲ್ಲ ಆ ಪಟ್ಟಾದ ಓಟಕ್ಕೇ ಹುಟ್ಟಿದವು. ಹೊರಗೆ ವೇದಿಕೆಯ ಮೇಲೆ ಪಟ್ಟಾ ಇಲ್ಲದಿದ್ದರೂ ಹಿಮ್ಮಡಿ ಇತ್ತು. ಗಾಳೇಶನನ್ನು ಬಿಟ್ಟು ಉಳಿದ ಹನ್ನೆರಡು ಜನರೂ ಅದನ್ನೇ ನೋಡಿ ಬೆಳೆದವರು.

ಜನವರಿಯ ಎರಡನೇ ಭಾನುವಾರ ಗಂಗಾವತಿಯ ಒಂದು ಮೈದಾನದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಒಂದು ಯುವಕ ಸಂಘದವರು ಏರ್ಪಡಿಸಿದ್ದು. ಮಾರ್ಚಿನಲ್ಲಿ ಸಂಗೀತೋತ್ಸವ ಮಾಡುವ ಹುಬ್ಬಳ್ಳಿಯ ಮೂವರು ನಮ್ಮನ್ನು ನೋಡಲೆಂದೇ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ನೋಡಲೆಂದೇ ಹೊರಗಿನವರು ಬಂದದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಹಾಡುವ ರಫೀ ಹೊಸ ಅಂಗಿ ಹಾಕಿಕೊಂಡಿದ್ದ. ಗಂಗಾವತಿಯಲ್ಲಿ ಅವನದು ಕನ್ನಡಕದ ಅಂಗಡಿ. ಮೈದಾನದಲ್ಲಿ ಅರ್ಧ ಜನ ಅವನ ಗಿರಾಕಿಗಳೇ.

ಸಂಜೆ ನಾಲ್ಕೂವರೆ. ಕರೆಂಟು ಹೋಗಿತ್ತು, ವೇದಿಕೆಯ ಬೆನ್ನಿಗೇ ಒಂದು ಹಳೆಯ ಡೀಸೆಲ್ ಜನರೇಟರ್ ಓಡುತ್ತಿತ್ತು. ಗಾಳೇಶ ಹಿಮ್ಮಡಿ ಎತ್ತಿದ. ಒಂದು, ಎರಡು ಆಗುತ್ತಲೇ ನನಗೆ ಏನೋ ಬೇರೆ ಅನ್ನಿಸಿತು, ಮೂರು, ನಾಲ್ಕು. ಶುರುಮಾಡಿದೆವು. ಹಾಡು ಯಾರೋ ಬೆನ್ನಟ್ಟಿದಂತೆ ಓಡತೊಡಗಿತು. ರಫೀಗೆ ಆ ಓಟಕ್ಕೆ ಶಬ್ದ ಹೊಂದಿಸಲಾಗಲಿಲ್ಲ, ಅರ್ಧರ್ಧ ಸಾಲು ನುಂಗಿದ. ನನ್ನ ಬಲ ಮೀನಖಂಡ ಸೆಟೆದುಕೊಂಡಿತು. ನಡುವೆ ರೂಪಾ ನಾಲ್ಕು ಪೆಟ್ಟಿನಷ್ಟು ಹೊತ್ತು ಕೈ ನಿಲ್ಲಿಸಿದಳು, ತಿರುಗಿ ಗಾಳೇಶನ ಮುಖ ನೋಡಿದಳು, ಮತ್ತೆ ಸೇರಿಕೊಂಡಳು. ಜನ ನಗುತ್ತಿದ್ದರು. ಎರಡನೇ ಹಾಡೂ ಅದೇ ಪಾಡು. ಮೂರನೆಯದಕ್ಕೆ ಮೊದಲು ಕರೆಂಟು ಬಂತು, ಜನರೇಟರ್ ನಿಲ್ಲಿಸಿದರು. ಗಾಳೇಶ ಹಿಮ್ಮಡಿ ಎತ್ತಿದ. ಎತ್ತಿದ್ದು ಇಳಿಯಲಿಲ್ಲ. ಮೂವರೂ ಆ ಕಾಲನ್ನೇ ನೋಡುತ್ತ ನಿಂತೆವು. ಕಾಲು ಗಾಳಿಯಲ್ಲಿತ್ತು. ರಫೀ ಮೈಕಿನಲ್ಲಿ ನಮಸ್ಕಾರ ಹೇಳಿ ಕೆಳಗಿಳಿದ. ನಾವು ಸಾಮಾನು ಕಟ್ಟುವಷ್ಟರಲ್ಲಿ ಹುಬ್ಬಳ್ಳಿಯವರ ಕುರ್ಚಿ ಖಾಲಿಯಾಗಿದ್ದವು.

ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಿರ್ಚಿಯ ತಟ್ಟೆ ಮುಂದಿಟ್ಟುಕೊಂಡು ರಫೀ ತೀರ್ಪು ಕೊಟ್ಟ. ತಪ್ಪು ರೂಪಾಳದು. ಬಂದು ವರ್ಷವೂ ಆಗಿಲ್ಲ, ಆಗಲೇ ಅವಸರ, ಹುಬ್ಬಳ್ಳಿಯವರ ಮುಂದೆ ಕೈಚಳಕ ತೋರಿಸಲು ಹೋಗಿ ಎಲ್ಲರನ್ನೂ ಎಳೆದುಕೊಂಡು ಓಡಿದಳು, ನಡುವೆ ತಾನೇ ಎಡವಿದಳು, ಅದಕ್ಕೇ ಗಾಳೇಶಣ್ಣ ಮೂರನೆಯದಕ್ಕೆ ಕಾಲು ಇಳಿಸಲಿಲ್ಲ. ರಫೀ ನಿಲ್ಲುವುದು ಎಲ್ಲರಿಗಿಂತ ಮುಂದೆ, ಹಿಮ್ಮಡಿಗೆ ಬೆನ್ನು ಮಾಡಿ. ಅವನ ಕಿವಿಗೆ ಮೊದಲು ಬೀಳುವುದು ಗಿಟಾರೇ. ಅವನ ಮಟ್ಟಿಗೆ ಅವನು ಸುಳ್ಳಾಡಲಿಲ್ಲ.

ಸುಳ್ಳಾಡಿದವನು ನಾನು. ರೂಪಾ ಹಿಮ್ಮಡಿಯ ಜೊತೆಗೇ ಶುರುಮಾಡಿದ್ದಳು, ಅದು ನನಗೆ ಗೊತ್ತಿತ್ತು, ನಾನೂ ಅದರ ಜೊತೆಗೇ ಶುರುಮಾಡಿದವನು. ಆದರೆ ತಾಳ ಕೆಟ್ಟರೆ ಮೊದಲು ಜನ ಹಿಡಿಯುವುದು ಡ್ರಮ್ಮಿನವನ ಕೊರಳಪಟ್ಟಿ. ಅದು ರೂಪಾಳ ಕೊರಳಿಗೆ ಹೋದಾಗ ನನಗೆ ಹಾಯೆನಿಸಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ. ಮುಂದಿನ ಭಾನುವಾರ ಅವಳಿಗೆ ಹೇಳಿಬಿಡೋಣ ಎಂದ ರಫೀ. ನಾನು ಹೂಂ ಅಂದೆ. ಗಾಳೇಶ ಎಂದಿನಂತೆ ನಗುತ್ತ ತಲೆಯಾಡಿಸಿದ. ರೂಪಾ ಅಷ್ಟರಲ್ಲಿ ತನ್ನ ರೂಮಿಗೆ ಹೋಗಿಯಾಗಿತ್ತು. ಹನುಮಸಾಗರದ ಹುಡುಗಿ, ಗಂಗಾವತಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಹನ್ನೊಂದು ತಿಂಗಳಲ್ಲಿ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಗಿರಣಿಗೆ ಹೋದೆ. ಗಿಟಾರಿಗೆ ಬೇರೆ ಯಾರಾದರೂ ಗಾಳೇಶನ ಮನಸ್ಸಿನಲ್ಲಿದ್ದಾರಾ ಕೇಳಿಕೊಂಡು ಬಾ ಎಂದು ರಫೀ ಹೇಳಿದ್ದ. ಊಟದ ಹೊತ್ತು. ಗಾಳೇಶ ಚೀಲದ ಒಟ್ಟಿಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನಗೆ ಬೆನ್ನು ಮಾಡಿ, ರೊಟ್ಟಿ ತಿನ್ನುತ್ತಿದ್ದ. ಅವನ ಹೆಂಡತಿ ಲಲಿತಾ ಬುತ್ತಿ ತಂದವಳು ಎದುರಿಗೆ ನಿಂತಿದ್ದಳು. ಎರಡು ಸಲ ಕೂಗಿದೆ. ಗಿರಣಿಯಲ್ಲಿ ಕೂಗು ಕೇಳದಿದ್ದರೆ ಅದೇನು ದೊಡ್ಡ ಮಾತಲ್ಲ. ಅಷ್ಟರಲ್ಲಿ ಶಾಫ್ಟಿನ ಬೇರಿಂಗ್ ಎಣ್ಣೆ ಒಣಗಿ ಕಿರುಚತೊಡಗಿತು. ಹಲ್ಲು ಜುಮ್ಮೆನ್ನುವ ಸದ್ದು. ಹಮಾಲರು ಚೀಲ ಕೆಳಗೆ ಹಾಕಿ ಕಿವಿ ಮುಚ್ಚಿಕೊಂಡರು. ಆ ಯಂತ್ರಕ್ಕೆ ಹೊಣೆಯಾದ ಗಾಳೇಶ ಮಾತ್ರ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟ.

ಲಲಿತಾ ಅವನ ಭುಜ ಮುಟ್ಟಿ ಶಾಫ್ಟಿನ ಕಡೆ ಕೈ ತೋರಿಸಿದಳು. ಅವನು ಕೆಳಗೆ ಹಾರಿ, ಕಾಲು ನೆಲಕ್ಕೆ ತಾಗುತ್ತಲೇ ಓಡಿದ. ಆಗ ಅವಳು ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಹೊರಗೆ ಭತ್ತ ಒಣಗಿಸುವ ಅಂಗಳಕ್ಕೆ ಕರೆದುಕೊಂಡು ಹೋದಳು.

"ಎಡಗಿವಿ ಹೋಗಿ ಆರು ವರ್ಷ ಆತ್ರಿ ಸರ," ಅಂದಳು. "ಬಲಗಿವಿ ಈ ದೀಪಾವಳಿಗೆ ಪೂರ್ತಿ ಬಂದ್ ಆತು. ಮಾರಿ ನೋಡಿ ಅರ್ಧ ತಿಳ್ಕೋತಾರ, ಉಳದದ್ದಕ್ಕ ಗೋಣು ಹಾಕ್ತಾರ. ಸಾವ್ಕಾರ್ರಿಗೆ ಗೊತ್ತಾದ್ರ ಮಷೀನ್ ಹತ್ರ ನಿಂದರ್ಸಂಗಿಲ್ಲ. ನಿಮ್ಮ ಮಂದಿಗೆ ಗೊತ್ತಾದ್ರ ಬಾರ್ಸಾಕ ಕರ್ಯಂಗಿಲ್ಲ. ಎರಡೂ ಹ್ವಾದ್ರ ಈ ಮನಷ್ಯಾಗ ಏನ್ ಉಳೀತೈತ್ರಿ? ಯಾರ ಮುಂದನೂ ಅನಬ್ಯಾಡ್ರಿ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನವಲಿಗೆ ವಾಪಸು ಬರುವಾಗ ಬೈಕಿನ ಮೇಲೆ ಎಲ್ಲ ಲೆಕ್ಕ ತಾನಾಗಿ ಬಿಡಿಸಿಕೊಂಡಿತು. ದೀಪಾವಳಿಯ ನಂತರ ನಾವು ಹೊರಗೆ ನುಡಿಸಿದ್ದು ಗಂಗಾವತಿಯಲ್ಲೇ ಮೊದಲು. ಅಲ್ಲಿಯವರೆಗೆ ಗಿರಣಿಯ ನೆಲ ಅವನನ್ನು ಕಾಪಾಡಿತ್ತು. ಡ್ರಮ್ಮು ಲಾರಿಗೆ ಏರಿಸುವಾಗ ನಾನೇ ಕಣ್ಣಾರೆ ನೋಡಿದ್ದೆ, ಆ ಜನರೇಟರಿನ ಒಂದು ಕಾಲಿನ ಬೋಲ್ಟು ಬಿದ್ದುಹೋಗಿ, ಕಬ್ಬಿಣದ ಚೌಕಟ್ಟು ವೇದಿಕೆಯ ಕಂಬಕ್ಕೆ ಒರಗಿ ನಿಂತಿತ್ತು. ಓಡುವಾಗ ಅದು ಕಂಬಕ್ಕೆ ಬಡಿಯುತ್ತಿದ್ದಿರಬೇಕು. ಆ ಪೆಟ್ಟು ವೇದಿಕೆಯ ಹಲಗೆಗಳ ಮೂಲಕ ಗಾಳೇಶನ ಹಿಮ್ಮಡಿಗೆ ಹೋಯಿತು. ಹಿಮ್ಮಡಿ ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿತು. ಹಿಮ್ಮಡಿಯನ್ನು ನೋಡಿ ನಾವೂ ಮಾಡಿದ್ದನ್ನೇ ಮಾಡಿದೆವು. ಜನರೇಟರ್ ನಿಂತ ಮೇಲೆ ಹಿಮ್ಮಡಿಗೆ ಏನೂ ಬರಲಿಲ್ಲ, ಎತ್ತಿದ ಕಾಲು ಇಳಿಯಲಿಲ್ಲ. ಹಲ್ಲರ್ ಅವತ್ತು ಗಂಗಾವತಿಯಲ್ಲಿ ಒಂದು ಕೆಟ್ಟ ಜನರೇಟರಿನ ತಾಳಕ್ಕೆ ಕುಣಿದಿತ್ತು.

ಗುರುವಾರ, ಶುಕ್ರವಾರ, ಶನಿವಾರ. ರಫೀಗೆ ಫೋನ್ ಮಾಡಲು ದಿನಕ್ಕೆ ಎರಡು ಸಲವಾದರೂ ಕೈ ಹಾಕಿದೆ, ಬಿಟ್ಟೆ. ಹೇಳಿದರೆ ಗಾಳೇಶನ ಕೆಲಸ ಹೋಗುತ್ತದೆ, ಬ್ಯಾಂಡೂ ಹೋಗುತ್ತದೆ. ಹೇಳದಿದ್ದರೆ ರೂಪಾ ಹೋಗುತ್ತಾಳೆ. ಲಲಿತಾಗೆ ಮಾತು ಕೊಟ್ಟಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಮೇಲಿನ ಪದರ. ಅದರ ಕೆಳಗೆ ಇನ್ನೊಂದಿತ್ತು: ಹನ್ನೊಂದು ವರ್ಷ ಗಾಳೇಶನಿಂದ ಎರಡು ಮಾರು ದೂರ ಕೂತು ನುಡಿಸಿದ ನಿನಗೇಕೆ ಇದು ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳಿದರೆ? ಗೊತ್ತಾದ ಮೇಲೂ ಹೋಟೆಲಿನಲ್ಲಿ ಹೂಂ ಅಂದದ್ದನ್ನು ಏಕೆ ವಾಪಸು ತೆಗೆದುಕೊಳ್ಳಲಿಲ್ಲ ಎಂದು ಕೇಳಿದರೆ? ತರಗತಿಯಲ್ಲಿ ಮಕ್ಕಳು ಉತ್ತರ ತಪ್ಪಿದಾಗ ಸಿಡುಕುವ ಮನುಷ್ಯ ನಾನು. ಆ ವಾರ ಯಾರ ಮೇಲೂ ಸಿಡುಕಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ರೂಪಾ ಗಿಟಾರ್ ಬೆನ್ನಿಗೆ ಹಾಕಿಕೊಂಡು ಬಂದಳು. ಗಂಗಾವತಿಯ ಹಾಡನ್ನು ಅರ್ಧ ವೇಗದಲ್ಲಿ ಮೊದಲಿಂದ ಕಲಿತುಕೊಂಡು ಬಂದಿದ್ದೇನೆ, ಇನ್ನು ಎಡವುವುದಿಲ್ಲ ಎಂದಳು. ನಾನು ಡ್ರಮ್ಮಿನ ಹಿಂದೆ ಹೋಗಿ ಕೂತೆ. ಹಿಂದೆ ಪಟ್ಟಾ ಓಡುತ್ತಿತ್ತು. ಗಾಳೇಶ ಗೋಡೆಗೆ ಒರಗಿ ಕೂತು ತಂತಿ ಬಿಗಿ ಮಾಡುತ್ತಿದ್ದ.

ರಫೀ ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟ. ಗಿರಣಿಯಲ್ಲಿ ಕೂಗದೆ ಮಾತಾಡಲು ಆಗುವುದಿಲ್ಲ. ಆದ್ದರಿಂದ ಆ ಮಾತು ಇರುವುದಕ್ಕಿಂತ ಕ್ರೂರವಾಗಿ ಕೇಳಿಸಿತು. ರೂಪಾಳ ಮುಖ ಬಿಳಿಚಿತು. ತಾನು ಹಿಮ್ಮಡಿಯ ಜೊತೆಗೇ ಶುರುಮಾಡಿದ್ದಾಗಿ ಹೇಳಿದಳು. ಅದನ್ನೇ ಮತ್ತೊಮ್ಮೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವೂ ಅದರ ಕೂಡಾನ ಶುರು ಮಾಡಿದ್ರಲ್ಲ ಸರ. ಹೇಳ್ರಿ ಇವ್ರಿಗೆ."

ರಫೀ ನನ್ನನ್ನು ನೋಡಿದ. ಗಾಳೇಶನೂ ತಲೆ ಎತ್ತಿ ನೋಡಿದ, ನನಗೆ ಒಂದು ನಗು ಕೊಟ್ಟು ತಲೆಯಾಡಿಸಿದ. ನಾನು ಪಟ್ಟಾದ ಪೆಟ್ಟುಗಳನ್ನು ಎಣಿಸುತ್ತ ಕೂತೆ. ಹದಿನಾರು ಎಣಿಸಿದೆ. ರೂಪಾ ಅಷ್ಟೂ ಹೊತ್ತು ಕಾದಳು.

ಆಮೇಲೆ ಅವಳು ಗಿಟಾರ್ ಕೆಳಗಿಟ್ಟಳು. ಮೂಲೆಯಲ್ಲಿದ್ದ ನೀಲಿ ಬಣ್ಣದ ಡಬ್ಬಿ, ಕುಂಚ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಬಿಟ್ಟು ಹೋಗುವವರು ಮುಂದಿನವರ ಹೆಸರು ಬರೆಯಬೇಕು. ಅವಳ ಕೆಳಗೆ ಬರೆಯಲು ಯಾರೂ ಇರಲಿಲ್ಲ. ಕುಂಚ ಅದ್ದಿ, ತನ್ನ ಹೆಸರಿನ ಮೊದಲ ಅಕ್ಷರದ ಮೇಲೆ ಗೀಟು ಎಳೆಯತೊಡಗಿದಳು.

ಅದು ಗಾಳೇಶನ ಕಣ್ಣಿಗೆ ಬಿತ್ತು. ಅವನು ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡ.

"ಯಾಕವ್ವ? ಏನ್ ಮಾಡಾಕತ್ತಿ?"

ಅವನ ಧ್ವನಿ ಗಿರಣಿಗಿಂತ ದೊಡ್ಡದಾಗಿತ್ತು. ಎಷ್ಟು ದಿನದಿಂದ ಅವನು ಹೀಗೆ ಮಾತಾಡುತ್ತಿದ್ದನೋ, ಗಿರಣಿಯವನ ರೂಢಿ ಎಂದು ನಾವು ಬಿಟ್ಟುಬಿಟ್ಟಿದ್ದೆವು. ರಫೀ ಮುಂದೆ ಬಂದು, ನೀನೇ ತಲೆಯಾಡಿಸಿದೆಯಲ್ಲಣ್ಣ, ಇವಳನ್ನು ತೆಗೆಯೋಣ ಅಂದಾಗ ಹೋಟೆಲಿನಲ್ಲಿ ಒಪ್ಪಿದೆಯಲ್ಲ ಎಂದ. ಗಾಳೇಶ ಅವನ ತುಟಿಗಳನ್ನು ನೋಡುತ್ತಿದ್ದ. ಮತ್ತೆ ಹೇಳು ಎಂದು ಕೈಸನ್ನೆ ಮಾಡಿದ. ರಫೀ ಮತ್ತೆ ಹೇಳಿದ. ಈ ಸಲ ಮಾತು ಅರ್ಥವಾದದ್ದು ಗಾಳೇಶನ ಮುಖದಲ್ಲೇ ಕಂಡಿತು. ಏಟು ತಿಂದವನಂತೆ ಒಂದು ಹೆಜ್ಜೆ ಹಿಂದೆ ಸರಿದ.

ಸೀದಾ ಸ್ವಿಚ್ ಬೋರ್ಡಿಗೆ ಹೋಗಿ ಕೆಂಪು ಗುಂಡಿ ಒತ್ತಿದ. ಪಟ್ಟಾ ನಿಧಾನವಾಯಿತು, ಜೋತುಬಿತ್ತು, ನಿಂತಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ತಗಡಿನ ಸೂರಿನ ಮೇಲೆ ಗುಬ್ಬಿ ಓಡಾಡುವ ಸದ್ದು ಕೇಳಿದೆ.

"ನಾ ಗೋಣು ಹಾಕಿದ್ದು ಕೇಳಿ ಅಲ್ಲ," ಅಂದ ಗಾಳೇಶ. "ಬೆನ್ನ ಮಾಡಿ ನಿಂದರ್ತೀನಿ. ಹೆಸರು ಹಿಡ್ದು ಕರೀರಿ."

ನಮಗೆ ಬೆನ್ನು ಮಾಡಿ, ಗೋಡೆಯ ಹೆಸರುಗಳ ಕಡೆ ಮುಖ ಮಾಡಿ ನಿಂತ. ರಫೀ ಏನಿದು ಎನ್ನುವಂತೆ ನನ್ನನ್ನು ನೋಡಿ, ಗಾಳೇಶಣ್ಣ ಎಂದು ಕರೆದ. ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದ. ಗಿರಣಿ ನಿಂತದ್ದೇಕೆಂದು ನೋಡಲು ಮಾಲೀಕರು ಕಳಕಪ್ಪ ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅವರೂ ಕರೆದರು. ನಿಶ್ಶಬ್ದವಾದ ಗಿರಣಿಯಲ್ಲಿ ಆ ಕೂಗು ಗೋಡೆಗೆ ಬಡಿದು ವಾಪಸು ಬಂತು. ಗಾಳೇಶ ಹಾಗೇ ನಿಂತಿದ್ದ, ಕುತ್ತಿಗೆ ಸ್ವಲ್ಪ ಬಗ್ಗಿಸಿಕೊಂಡು, ಕಾಯುತ್ತ. ನಾವು ಕರೆದು ಮುಗಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಇನ್ನೂ ಕರೆದಿಲ್ಲ ಎಂದೇ ತಿಳಿದಿದ್ದನೋ ಏನೋ. ರಫೀ ಕೈಯಿಂದ ಬಾಯಿ ಮುಚ್ಚಿಕೊಂಡ.

ರೂಪಾ ಚಪ್ಪಲಿ ಬಿಟ್ಟಳು. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು, ಬಲಗಾಲಿನ ಹಿಮ್ಮಡಿಯಿಂದ ನೆಲ ಬಡಿದಳು. ಒಂದು, ಎರಡು, ಮೂರು, ನಾಲ್ಕು. ಅದೇ ಪಟ್ಟಾದ ಓಟ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಗಾಳೇಶ ತಿರುಗಿದ. ಅವನ ಕಣ್ಣು ತುಂಬಿದ್ದವು.

"ಗಂಗಾವತ್ಯಾಗ ನಡುವ ಯಾಕ ನಿಲ್ಲಿಸಿದಿ?" ಎಂದು ಅವಳನ್ನು ಕೇಳಿದ.

"ತಪ್ಪು ಹೊಂಟಿತ್ರಿ ಅಣ್ಣಾರ." ಅವಳು ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. "ನಿಮ್ಮ ಮಾರಿ ನೋಡಿದೆ. ನೀವು ನಗಾಕತ್ತಿದ್ರಿ. ಅದಕ್ಕ ಮತ್ತ ಕೂಡಿಕೊಂಡೆ."

ಅವನು ಗೋಡೆಯ ನಾಲ್ಕನೆಯ ಸಾಲಿನಲ್ಲಿ ತನ್ನ ಹೆಸರಿನ ಕೆಳಗೆ, ಇಪ್ಪತ್ತೆರಡು ವರ್ಷ ಖಾಲಿಯಿದ್ದ ಜಾಗವನ್ನು ಅಂಗೈಯಿಂದ ಒರೆಸಿದ. ಧೂಳು ಹೋಗಿ ಸುಣ್ಣ ಕಂಡಿತು. ಇಲ್ಲಿ ಇವಳ ಹೆಸರು ಬರುತ್ತದೆ, ಕಲಿಸಿ ಮುಗಿಸಿದ ದಿನ ಬರೆಯುತ್ತೇನೆ ಎಂದ. ತಾನು ಗಿಟಾರಿನವಳು, ಬೇಸ್ ಬಾರಿಸಲು ಬರುವುದಿಲ್ಲ ಎಂದಳು ರೂಪಾ. ಇದರಲ್ಲಿ ನಾಲ್ಕೇ ತಂತಿ, ನಿನಗೆ ಎರಡು ಉಳಿತಾಯ ಎಂದು ಗಾಳೇಶ ಅಂದ. ಯಾರೂ ನಗಲಿಲ್ಲ. ಎಲ್ಲರೂ ತಪ್ಪಿನ ಹಿಂದೆ ಓಡುವಾಗ ನಿಂತು ತಿರುಗಿ ನೋಡಿದವಳು ಇವಳೊಬ್ಬಳೇ, ಹಿಮ್ಮಡಿ ಇವಳ ಹತ್ತಿರವೇ ಇರಬೇಕು ಎಂದು ಅವನು ರಫೀಗೆ ಹೇಳಿದ.

ಕಳಕಪ್ಪನವರು ಒಂದು ಚೀಲದ ಮೇಲೆ ಕುಸಿದು ಕೂತಿದ್ದರು. ಕಿವಿ ಕೇಳದವನನ್ನು ಓಡುವ ಪಟ್ಟಾದ ಪಕ್ಕ ನಿಲ್ಲಿಸಿದ್ದೆನಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮರುದಿನದಿಂದ ಗಾಳೇಶನನ್ನು ಯಂತ್ರದಿಂದ ಬಿಡಿಸಿ ಅಂಗಳದ ಭತ್ತ ನೋಡಿಕೊಳ್ಳಲು ಹಾಕಿದರು. ಸಂಬಳ ಅಷ್ಟೇ ಉಳಿಯಿತು, ಲಲಿತಾಳ ಭಯ ಅರ್ಧ ಸುಳ್ಳಾಯಿತು. ಆದರೆ ಅಂಗಳದ ನೆಲದಲ್ಲಿ ಏನೂ ಇಲ್ಲ ಮಾಸ್ತರ, ಸತ್ತ ನೆಲ ಎಂದು ಗಾಳೇಶ ನನಗೆ ಒಮ್ಮೆ ಹೇಳಿದ. ಆ ಭಯದ ಉಳಿದರ್ಧ ನಿಜವೇ ಆಯಿತು.

ಅವನು ರೂಪಾಳಿಗೆ ಆರು ತಿಂಗಳು ಕಲಿಸಿದ. ಬೇಸಿನ ಮರಕ್ಕೆ ಗದ್ದ ಒತ್ತಿಕೊಂಡು ಕೂತು ಅವಳ ತಪ್ಪುಗಳನ್ನು ಹಿಡಿಯುತ್ತಿದ್ದ. ಒಂದನ್ನೂ ಬಿಡುತ್ತಿರಲಿಲ್ಲ. ಗಿಟಾರಿನ ಸಾಲಿಗೆ ರೂಪಾ ದುರುಗಪ್ಪನೆಂಬ ಎಲೆಕ್ಟ್ರಿಷಿಯನ್ ಒಬ್ಬನನ್ನು ಹಿಡಿದು ತಂದಳು. ತಾನು ಎಳೆದ ಅರ್ಧ ಗೀಟನ್ನು ಅವಳು ಅಳಿಸಲಿಲ್ಲ, ಅದು ಅಲ್ಲೇ ಇರಲಿ ಎಂದಳು. ಹುಬ್ಬಳ್ಳಿಯವರು ಮತ್ತೆ ಕರೆಯಲಿಲ್ಲ. ಈಗ ನಾವು ಯಾವ ಊರಿಗೆ ಹೋದರೂ ಮೊದಲು ಕೇಳುವುದು ಜನರೇಟರ್ ಎಲ್ಲಿಟ್ಟಿದ್ದೀರಿ ಎಂದು. ಗಾಳೇಶ ವೇದಿಕೆಯ ಅಂಚಿಗೆ ಕೂತು ಹಲಗೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಾನೆ. ನಾನು ರೂಪಾಳ ಹಿಮ್ಮಡಿ ನೋಡಿ ಶುರುಮಾಡುತ್ತೇನೆ. ಅವಳು ನನ್ನನ್ನು ಈಗಲೂ ಸರ್ ಎಂದೇ ಕರೆಯುತ್ತಾಳೆ, ಆದರೆ ಮುಖ ನೋಡಿ ಮಾತಾಡುವುದಿಲ್ಲ.

ಆ ಭಾನುವಾರದ ಒಂದು ಮಾತು ಉಳಿದಿದೆ. ಎಲ್ಲರೂ ಹೊರಗೆ ಹೋದ ಮೇಲೆ ನಾನು ಡ್ರಮ್ಮು ಕಟ್ಟುತ್ತಿದ್ದೆ. ಗಾಳೇಶ ಬಂದು ಎದುರಿಗೆ ನಿಂತ. ಬುಧವಾರ ಸಂಜೆಯೇ ಲಲಿತಾ ಅವನಿಗೆ ಎಲ್ಲ ಹೇಳಿದ್ದಳಂತೆ, ಮಾಸ್ತರಿಗೆ ಗೊತ್ತಾಯಿತು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ ಎಂದು. ರೂಪಾ ನನ್ನನ್ನು ಕೇಳಿದಾಗ ಅವನು ನನಗೆ ಕೊಟ್ಟ ಆ ನಗು ಯಾವುದೆಂದು ಆಗ ತಿಳಿಯಿತು. ಅವನು ನನಗೆ ಕೃತಜ್ಞತೆ ಹೇಳುತ್ತಿದ್ದ.

"ನನ್ನ ಸಲುವಾಗಿ ಸುಮ್ನಿದ್ದಿ ಅಂತ ತಿಳ್ಕೊಂಡಿದ್ನಿ, ಮಾಸ್ತರ," ಅಂದ.

ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ಆದರೂ ಅವನು ನನ್ನ ತುಟಿಗಳನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.